ಮಲೆನಾಡಿನ ಮಳೆಗಾಲದಲ್ಲಿ ಹಳೆಯ ಲೇತ್ ಯಂತ್ರವನ್ನು ಕಾಪಾಡುವ ಬಗೆ ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ)

ನಮ್ಮ ತಂದೆಯವರು ಅಕ್ಕಿ ಗಿರಣಿ ನಡೆಸುತ್ತಿದ್ದ ಕಾಲದಲ್ಲಿ ಅದರ ದುರಸ್ತಿಗೆಂದು ತಂದಿದ್ದ, ನಾಲ್ಕೂವರೆ ಅಡಿ ಬೆಡ್ಡಿನ (ತಳದ ಹಳಿಯ) ಲೇತ್, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರವೊಂದು ಈಗ ನನ್ನ ಪಾಲಿಗೆ ಬಂದಿದೆ. ಮೆಟ್ಟಿಲು ಮೆಟ್ಟಿಲಾದ ಪುಲ್ಲಿ, ಚರ್ಮದ ಚಪ್ಪಟೆ ಬೆಲ್ಟು, ವೇಗ ತಗ್ಗಿಸುವ ಬ್ಯಾಕ್ ಗೇರ್ ಎಲ್ಲವೂ ಮೊದಲಿನಂತೆಯೇ ಇವೆ. ಗಿರಣಿ ನಿಂತ ಮೇಲೆ ಅದು ಅಡಿಕೆ ಬೇಯಿಸುವ ಕೊಟ್ಟಿಗೆಯ ಮೂಲೆ ಸೇರಿತ್ತು. ಕಳೆದ ಬೇಸಗೆಯಲ್ಲಿ ಮನೆಯ ಹಿಂದಿನ ಹಂಚಿನ ಕೋಣೆಗೆ ಸಾಗಿಸಿ, ಶುಚಿಗೊಳಿಸಿ, ಮಳೆ ಹಿಡಿಯುವ ಮೊದಲು ಮೈಗೆಲ್ಲ ಕೊಬ್ಬರಿ ಎಣ್ಣೆ ಸವರಿ ಪ್ಲಾಸ್ಟಿಕ್ ಟಾರ್ಪಾಲಿನಿಂದ ಬಿಗಿಯಾಗಿ ಸುತ್ತಿಟ್ಟಿದ್ದೆ. ಪುನರ್ವಸು ಮಳೆ ಮುಗಿದು ಎರಡು ದಿನ ಹೊಳವಾದಾಗ ಬಿಚ್ಚಿ ನೋಡಿದರೆ, ಮಾಡು ಎಲ್ಲಿಯೂ ಸೋರದಿದ್ದರೂ ಟಾರ್ಪಾಲಿನ ಒಳಮೈಯಲ್ಲಿ ನೀರ ಹನಿಗಳು ಸಾಲುಗಟ್ಟಿದ್ದವು, ಬೆಡ್ಡಿನ ಮೇಲೆ ಕೆಂಪು ತುಕ್ಕು ಹರಡಿತ್ತು.

ಪೇಟೆಯ ವರ್ಕ್‌ಶಾಪೊಂದರಲ್ಲಿ ವಿಚಾರಿಸಿದಾಗ, ಬೆಡ್ಡನ್ನು ಗ್ರೈಂಡಿಂಗ್ ಮಾಡಿಸಿ ಇಡೀ ಯಂತ್ರಕ್ಕೆ ಹೊಸ ಬಣ್ಣ ಹೊಡೆಸಿದರೆ ಸರಿಹೋಗುತ್ತದೆ ಎಂದರು. ಹಾಗೆ ಮಾಡಿಸುವುದು ಒಳಿತೇ? ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು ಸಿಡಿದ ಕಡೆಗಳಲ್ಲಿ ಉಜ್ಜಿದರೂ ಹೋಗದ ಕಪ್ಪು ಕಲೆಗಳಿವೆ, ಅವುಗಳಿಂದ ಹಾನಿಯುಂಟೇ?

ಉತ್ತರ 1 (ಭದ್ರಾವತಿಯ ನಿವೃತ್ತ ಫಿಟ್ಟರ್)

ತಮ್ಮ ಯಂತ್ರವನ್ನು ನೆನೆಸಿದ್ದು ಮಳೆಯಲ್ಲ, ಗಾಳಿ. ರಾತ್ರಿ ತಣಿದ ಬೀಡು ಕಬ್ಬಿಣದ ರಾಶಿ ಬೆಳಗಾದ ಮೇಲೂ ಬಹಳ ಹೊತ್ತು ತಣ್ಣಗೇ ಇರುತ್ತದೆ. ಅಷ್ಟರಲ್ಲಿ ಗಾಳಿ ಬೆಚ್ಚಗಾಗಿ, ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಯಂತ್ರವೂ ಬೆವರುತ್ತದೆ. ಗಾಳಿಯ ಉಷ್ಣಾಂಶ 25 ಡಿಗ್ರಿ, ಆರ್ದ್ರತೆ ಶೇಕಡಾ 90 ಇರುವಾಗ ಕಬ್ಬಿಣವು ಸುಮಾರು 23 ಡಿಗ್ರಿಗೆ ಇಳಿದರೆ ಸಾಕು, ಹನಿಗಟ್ಟುತ್ತದೆ. ಆಷಾಢದಲ್ಲಿ ತಮ್ಮ ಕಡೆ ಶೇಕಡಾ 90 ಎಂಬುದು ವಿಶೇಷವೇನಲ್ಲ. ಬಿಗಿದ ಪ್ಲಾಸ್ಟಿಕ್ಕಂತೂ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಕೆಳಗಿನ ನೆಲದಿಂದ ಏಳುವ ತೇವವೂ ಅದರೊಳಗೇ ಸೇರಿಕೊಳ್ಳುತ್ತದೆ.

ಆದ್ದರಿಂದ ಮಾಡಬೇಕಾದದ್ದು ಎರಡೇ: ಕಬ್ಬಿಣವನ್ನು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿಡುವುದು, ಉಸಿರಾಡಲು ಬಿಡುವುದು. ಮೇಲೆ ಹಳೆಯ ಹತ್ತಿ ಜಮಖಾನೆಯನ್ನು ನೆಲಕ್ಕೆ ತಾಗದಂತೆ ಇಳಿಬಿಟ್ಟು, ಬೆಡ್ಡಿನ ಕೆಳಗೆ 40 ವಾಟ್‌ನ ಹಳೆಯ ತಂತಿ ಬಲ್ಬೊಂದನ್ನು ಬಟ್ಟೆಗಾಗಲಿ ಎಣ್ಣೆ ಚಿಂದಿಗಾಗಲಿ ಸೋಕದ ಹಾಗೆ ತಂತಿಬಲೆಯೊಳಗೆ ಉರಿಸಿಡಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗದು, ಅದರ ಕಾವು ಸಾಲದು. ಮೇಲೆ ಹೇಳಿದ ಗಾಳಿಯೇ ಹೊದಿಕೆಯೊಳಗೆ 30 ಡಿಗ್ರಿಗೆ ಬೆಚ್ಚಗಾದರೆ ಅದರ ಆರ್ದ್ರತೆ ಸುಮಾರು 67ಕ್ಕೆ ಇಳಿಯುತ್ತದೆ. ಇಡೀ ದಿನ ಉರಿಸಿದರೂ ಖರ್ಚು ಒಂದು ಯೂನಿಟ್ಟಿನಷ್ಟು ಮಾತ್ರ.

ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಕಮಟಿದ ಮೇಲೆ ಅದರ ಆಮ್ಲ ಲೋಹವನ್ನೇ ತಿನ್ನುತ್ತದೆ. ಕೆಲವರು ಬಳಸಿದ ಎಂಜಿನ್ ಆಯಿಲ್ ಸವರುತ್ತಾರೆ. ಅದರಲ್ಲಿಯೂ ಆಮ್ಲವಿರುವುದರಿಂದ ಅದು ಬೇಡ. ದಿನವೂ ಕೆಲಸ ಮಾಡುವ ಯಂತ್ರಕ್ಕೆ 68 ದರ್ಜೆಯ ಸ್ಲೈಡ್‌ವೇ ಆಯಿಲ್, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟರ್ಪೆಂಟೈನ್‌ನಲ್ಲಿ ಕರಗಿಸಿದ ಲ್ಯಾನೊಲಿನ್ ಸವರಬಹುದು. ಲ್ಯಾನೊಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು. ನಮ್ಮ ಹಿರಿಯರ ಕಂಬಳಿ ಕೊಪ್ಪೆ ಮಳೆಯನ್ನು ತಡೆಯುತ್ತಿದ್ದುದರಲ್ಲಿ ಆ ಜಿಡ್ಡಿನ ಪಾಲೂ ಇತ್ತು.

ಈಗ ಬಂದಿರುವ ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬ್ಲೇಡನ್ನು ಮಲಗಿಸಿ ಹಿಡಿದು ಹೆರೆಯಿರಿ. ಬೆಡ್ಡಿಗೆ ಎಮರಿ ಕಾಗದವನ್ನು ಮುಟ್ಟಿಸಬಾರದು, ಏಕೆಂದರೆ ಅದರ ಹರಳುಗಳು ಬೀಡಿನಲ್ಲಿ ಹೂತುಕೊಂಡು, ಉಳಿಯನ್ನು ಹೊತ್ತು ಬೆಡ್ಡಿನ ಮೇಲೆ ಜಾರುವ ಕ್ಯಾರೇಜನ್ನು ವರ್ಷಗಟ್ಟಲೆ ಸವೆಸುತ್ತವೆ. ಕಪ್ಪು ಕಲೆಯ ಚಿಂತೆ ಬೇಡ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಆದ ಬಣ್ಣವದು. ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸಲು ಅಂಗಡಿಯಲ್ಲಿ ಮಾರುವ ಹಲವು ದ್ರಾವಣಗಳ ಸಾರವೂ ಅದೇ.

ಉತ್ತರ 2 (ಸಾಗರದಿಂದ)

ಲೇತನ್ನು ತಿರುಗಿಸುವ ಮೋಟಾರನ್ನು ಮರೆಯಬೇಡಿ. ತೇವ ಹಿಡಿದ ವೈಂಡಿಂಗಿಗೆ (ಒಳಗಿನ ತಂತಿ ಸುರುಳಿಗೆ) ಒಮ್ಮೆಲೇ ವಿದ್ಯುತ್ ಕೊಟ್ಟರೆ ಸುಟ್ಟುಹೋಗಬಹುದು. ವೈಂಡಿಂಗಿನ ಹೊದಿಕೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೆಗ್ಗರ್ ಇಟ್ಟು ನೋಡಿ, ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಒಣಗಿಸಿದ ಮೇಲಷ್ಟೇ ಚಾಲೂ ಮಾಡಿ.

ಉತ್ತರ 3 (ಶಿವಮೊಗ್ಗದಿಂದ)

ಗ್ರೈಂಡಿಂಗ್ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಬೆಡ್ಡಿನ ಬಲಗಡೆಯ ಟೇಲ್‌ಸ್ಟಾಕ್ ತುದಿಯಲ್ಲಿ, ಕ್ಯಾರೇಜ್ ಅಪರೂಪಕ್ಕೆ ತಲುಪುವ ಜಾಗವನ್ನು ಒರೆಸಿ ನೋಡಿದರೆ ಕೈಯಿಂದ ಸ್ಕ್ರೇಪರ್ ಹಿಡಿದು ಕೆತ್ತಿದ ಮೀನಿನ ಹುರುಪೆಯಂತಹ ಗುರುತುಗಳು ಇನ್ನೂ ಕಾಣಬಹುದು. ಎಣ್ಣೆ ನಿಲ್ಲುವುದು ಆ ಸಣ್ಣ ತಗ್ಗುಗಳಲ್ಲಿಯೇ. ಬೆಡ್ಡನ್ನು ಅರೆದರೆ ಅವು ಅಳಿಯುವುದಷ್ಟೇ ಅಲ್ಲ, ಕ್ಯಾರೇಜ್ ಕೆಳಗಿಳಿದು ಅದರ ಹಾಫ್ ನಟ್ (ಎರಡು ಹೋಳಿನ ನಟ್ಟು) ಕ್ಯಾರೇಜನ್ನು ಎಳೆಯುವ ಉದ್ದನೆಯ ಲೀಡ್ ಸ್ಕ್ರೂವಿನ ನೇರಕ್ಕೆ ಸಿಗದಂತಾಗುತ್ತದೆ, ಆಮೇಲೆ ಒಂದನ್ನು ಸರಿಪಡಿಸಲು ಇನ್ನೊಂದನ್ನು ಕೆಡಿಸುತ್ತಾ ಹೋಗಬೇಕಾಗುತ್ತದೆ. ಕೆಲಸದ ತುಂಡನ್ನು ತಿರುಗಿಸುವ ಹೆಡ್‌ಸ್ಟಾಕಿನ ಬಳಿ ನಾಲ್ಕು ಕೂದಲೆಳೆ ಸವೆದಿದ್ದರೂ ಮನೆಯ ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ. ಬಣ್ಣದ ವಿಷಯದಲ್ಲಿಯೂ ನನ್ನದು ಹಳೆಯ ಅಭಿಪ್ರಾಯವೇ: ಇರುವುದನ್ನು ಉಳಿಸಿಕೊಳ್ಳಿ. ಕೆರೆಯಲೇಬೇಕಾದರೆ, ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ನೀರು ಹಾಕಿ ಕೆರೆಯಿರಿ, ಒಣ ಧೂಳು ಏಳಿಸಬೇಡಿ.

ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದೇ ಎಂದು ನೋಡಿ. ಇಂಚಿನದ್ದಾದರೆ, ಲೀಡ್ ಸ್ಕ್ರೂವಿನ ವೇಗ ಬದಲಿಸಲು ಹಾಕುವ ಬದಲಿ ಗೇರುಗಳ ನಡುವೆ 127 ಹಲ್ಲಿನದ್ದೊಂದು ಇದೆಯೇ ಎಂದು ಹುಡುಕಿರಿ. ಒಂದು ಇಂಚು ಎಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು 127. ಇಂಚಿನ ಸ್ಕ್ರೂವಿನಿಂದ ಮಿಲಿಮೀಟರ್ ಲೆಕ್ಕದ ಮರೆಯನ್ನು (ತಿರುಪಿನ ಸುತ್ತುಗಳನ್ನು) ತಪ್ಪಿಲ್ಲದೆ ಕತ್ತರಿಸಲು ಈ ಗೇರು ಬೇಕೇ ಬೇಕು. ಹಳೆಯ ಯಂತ್ರಗಳಲ್ಲಿ ಕಳೆದುಹೋಗುವುದೂ ಇದೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಬಲ್ಬು ಕಟ್ಟಿದ್ದೇನೆ, ಆದರೆ ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಇರುವುದಿಲ್ಲ. ತಂದೆಯವರ ಮರದ ಪೆಟ್ಟಿಗೆಯಲ್ಲಿದ್ದ ಗೇರುಗಳ ಹಲ್ಲುಗಳನ್ನು ಎಣಿಸಿದೆ. ಮುರಿದ ಒಂದು ಹಲ್ಲನ್ನೂ ಲೆಕ್ಕಕ್ಕೆ ಹಿಡಿದರೆ 127 ಇರುವುದೊಂದು ಸಿಕ್ಕಿತು. ಅದನ್ನು ಸರಿಪಡಿಸಲು ಸಾಧ್ಯವೇ?

ಉತ್ತರ 1ರ ಲೇಖಕರು

ಕರೆಂಟು ಹೋದ ದಿನಗಳಿಗೆಂದೇ ಲ್ಯಾನೊಲಿನ್ ಹೇಳಿದ್ದು. ಬಲ್ಬಿದ್ದರೂ ಅದನ್ನು ಸವರಿಯೇ ಇಡಿ. ಗೇರಿನ ಮುರಿದ ಜಾಗವನ್ನು ಶುಚಿಮಾಡಿಸಿ, ಹಿತ್ತಾಳೆ ಬ್ರೇಜಿಂಗ್‌ನಿಂದ (ಕರಗಿಸಿದ ಹಿತ್ತಾಳೆಯ ಬೆಸುಗೆಯಿಂದ) ತುಂಬಿಸಿ, ಪಕ್ಕದ ಹಲ್ಲಿನ ಆಕಾರಕ್ಕೆ ತಗಡಿನ ಅಚ್ಚು ಕತ್ತರಿಸಿಕೊಂಡು ಅರದಿಂದ ಉಜ್ಜುತ್ತಾ ಬನ್ನಿ. ಮರೆ ಕತ್ತರಿಸುವಾಗ ಆ ಗೇರು ನಿಧಾನವಾಗಿ, ಹಗುರ ಭಾರದಲ್ಲಿ ತಿರುಗುವುದರಿಂದ ಹಿತ್ತಾಳೆಯ ಹಲ್ಲು ತಡೆದುಕೊಳ್ಳುತ್ತದೆ. ಬ್ರೇಜಿಂಗ್ ಮುಗಿದ ಕೂಡಲೇ ನೀರಿಗೆ ಅದ್ದಲು ಬಿಡಬೇಡಿ, ಬೀಡು ಸೀಳುತ್ತದೆ. ಬೂದಿಯಲ್ಲಿ ಹೂತು ಬೆಳಗಿನವರೆಗೆ ಆರಲು ಬಿಡಿ.