ಪಾಸ್‌ಪೋರ್ಟ್ ಬದಲಾದವನಿಗೆ ಊರಲ್ಲಿ ತೋಟ ಕೊಳ್ಳುವ ಹಕ್ಕು ಇರಬೇಕೇ?

ಶಿರಸಿಕಡೆಯವ (ಹ್ಯಾಲಿಫ್ಯಾಕ್ಸ್, ಕೆನಡಾ) ಕೇಳಿದ್ದು:

ನನ್ನೂರು ಶಿರಸಿ ತಾಲೂಕು. ಅಪ್ಪಯ್ಯನ ಹೆಸರಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಅದರ ಕೆಳಗಿನ ತುದಿಗೆ ತಾಗಿಕೊಂಡು ಬೇರೆಯವರ 22 ಗುಂಟೆ. ನಡುವೆ ಒಂದು ಬಸಿಗಾಲುವೆ, ಅದರ ಮೇಲೊಂದು ಅಡಿಕೆ ದಬ್ಬೆಯ ಸಂಕ. ಏಳನೇ ಇಯತ್ತೆಯವರೆಗೆ ನಾನು ಆ ಸಂಕ ದಾಟಿಯೇ ಶಾಲೆಗೆ ಹೋದವನು. ಮಳೆಗಾಲದಲ್ಲಿ ಜಾರುತ್ತದೆ ಎಂದು ಆಯಿ ಅಲ್ಲಿಯತನಕ ಕೈಹಿಡಿದು ಬಿಟ್ಟು ಬರುತ್ತಿದ್ದಳು.

ಆ 22 ಗುಂಟೆ ಮಾರುತ್ತಾರಂತೆ ಎಂದು ಗೊತ್ತಾದ ದಿನವೇ ನಾನು ಕೊಳ್ಳುತ್ತೇನೆ ಅಂದೆ. ಕಳೆದ ಸಲ ಊರಿಗೆ ಹೋದಾಗ ದಸ್ತಾವೇಜು ಬರೆಯುವವರ ಹತ್ತಿರ ಹೋದರೆ ಅವರು ನನ್ನ ಓಸಿಐ ಕಾರ್ಡನ್ನು (ಬೇರೆ ದೇಶದ ಪೌರತ್ವ ತೆಗೆದುಕೊಂಡ ಭಾರತ ಮೂಲದವರಿಗೆ ಭಾರತ ಸರಕಾರ ಕೊಡುವುದು) ಹಿಂದೆ ಮುಂದೆ ತಿರುಗಿಸಿ ನೋಡಿ, 'ಬೆಂಗಳೂರಲ್ಲಿ ಫ್ಲಾಟ್ ಬೇಕಾದರೆ ಎಷ್ಟಾದರೂ ತೆಗೆದುಕೊಳ್ಳಿ, ತೋಟ-ಗದ್ದೆ ನಿಮಗೆ ಕ್ರಯ ಆಗುವುದಿಲ್ಲ' ಅಂದರು. ಹುಟ್ಟಿದ ಊರಲ್ಲಿ ಕೂತು ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು.

ನಾನು 2010ರಲ್ಲಿ ಕೆನಡಾಕ್ಕೆ ಬಂದವನು, ಪೌರತ್ವ ತೆಗೆದುಕೊಂಡದ್ದು 2016ರಲ್ಲಿ. ಇಲ್ಲಿ ಮನೆ ಕೊಂಡದ್ದು ಅದಕ್ಕೂ ಮೂರು ವರ್ಷ ಮೊದಲು, ಭಾರತದ ಪಾಸ್‌ಪೋರ್ಟ್ ಇದ್ದಾಗಲೇ. ಯಾರೂ ತಡೆಯಲಿಲ್ಲ. ಈಗ ಇಲ್ಲಿಯೂ ಗಾಳಿ ಬದಲಾಗಿದೆ. 2023ರ ಜನವರಿ 1ರಿಂದ ವಿದೇಶಿಯರು ಮನೆ ಕೊಳ್ಳುವುದಕ್ಕೆ ನಿಷೇಧ ಇದೆ, ಅದನ್ನು 2027ರ ಜನವರಿ 1ರವರೆಗೆ ಮುಂದುವರಿಸಿದ್ದಾರೆ. ಆದರೂ ಪರ್ಮನೆಂಟ್ ರೆಸಿಡೆಂಟ್ ಆದವರಿಗೆ ಅದು ತಾಗುವುದಿಲ್ಲ. ನ್ಯೂಜಿಲೆಂಡ್ 2018ರಲ್ಲೇ ಇಂಥ ಕಾನೂನು ತಂದಿತು. ಥೈಲ್ಯಾಂಡಿನಲ್ಲಿ ವಿದೇಶಿಯರು ಒಂದು ಕಟ್ಟಡದ ಫ್ಲಾಟುಗಳಲ್ಲಿ ನೂರಕ್ಕೆ 49ರಷ್ಟನ್ನು ಕೊಳ್ಳಬಹುದು, ನೆಲ ಮಾತ್ರ ಸಿಗುವುದಿಲ್ಲ.

ದೇಶಗಳು ತಮ್ಮ ನೆಲವನ್ನು ಕಾಯ್ದುಕೊಳ್ಳಬೇಕು, ಅದು ನನಗೂ ಅರ್ಥವಾಗುತ್ತದೆ. ಆದರೆ ಆ ಸಂಕ ದಾಟಿ ಬೆಳೆದವನು ಆ ನೆಲಕ್ಕೆ ವಿದೇಶಿಯೇ? ಚಿಕ್ಕಪ್ಪನ ಮಗ 'ನನ್ನ ಹೆಸರಲ್ಲಿ ಮಾಡಿಸೋಣ, ದುಡ್ಡು ನೀನು ಹಾಕು' ಅನ್ನುತ್ತಿದ್ದಾನೆ. ಬಲ್ಲವರು ಹೇಳಿ.

ಕ್ರಯಪತ್ರ (ಹುಬ್ಬಳ್ಳಿ):

ಮೊದಲು ಕಡೆಯ ಪ್ರಶ್ನೆಗೆ ಉತ್ತರ. ಚಿಕ್ಕಪ್ಪನ ಮಗನ ಹೆಸರಲ್ಲಿ ಮಾಡಬೇಡಿ. ದುಡ್ಡು ನಿಮ್ಮದು, ಹೆಸರು ಅವರದು ಎಂದಾದರೆ ಅದು ಬೇನಾಮಿ. 2016ರ ತಿದ್ದುಪಡಿಯ ನಂತರ ಆಸ್ತಿ ಮುಟ್ಟುಗೋಲು ಆಗಬಹುದು, ಒಂದರಿಂದ ಏಳು ವರ್ಷ ಸಜೆಯೂ ಇದೆ. ಕಾನೂನಿನ ಮಾತು ಬಿಡಿ, ನಾಳೆ ಅಣ್ಣ ತಮ್ಮಂದಿರ ನಡುವೆ ಒಂದು ಮಾತು ಬಂದರೆ ಪಹಣಿಯಲ್ಲಿ ಇರುವುದು ಅವರ ಹೆಸರು. ಇಂಥ ಎಷ್ಟೋ ಮನೆಗಳು ಒಡೆದದ್ದನ್ನು ನೋಡಿದ್ದೇನೆ.

ಎರಡನೆಯದು, ನೀವು ಪೌರತ್ವ ಬಿಟ್ಟದ್ದಕ್ಕೆ ಹೀಗಾಯಿತು ಅಂದುಕೊಂಡಿದ್ದೀರಿ. ಹಾಗಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹ್ಯಾಲಿಫ್ಯಾಕ್ಸ್‌ನಲ್ಲಿ ನೆಲೆಸಿದ್ದರೂ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳಲು ಬರುತ್ತಿರಲಿಲ್ಲ. ಫೇಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯಡಿಯ 2019ರ ನಿಯಮಗಳು ಎನ್‌ಆರ್‌ಐಗೂ ಓಸಿಐಗೂ ಈ ವಿಷಯದಲ್ಲಿ ಒಂದೇ. ದಾನಪತ್ರದ ಮೂಲಕವೂ ಆಗದು. ಆದರೆ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ನಿಮ್ಮ ತಂದೆಯವರ ಒಂದೂವರೆ ಎಕರೆ ಮುಂದೆ ಪೌತಿ ಖಾತೆಯಾಗಿ ನಿಮ್ಮ ಹೆಸರಿಗೆ ಬರುವುದಕ್ಕೆ ಅಡ್ಡಿಯಿಲ್ಲ. ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತದ ಪ್ರಜೆಗೆ ಮಾತ್ರ ಮಾರಬೇಕು.

ಸ್ಯಾಕ್ರಮೆಂಟೊ ಕನ್ನಡಿಗ:

ನೆಲದ ಕಾನೂನು ಎಂದ ಕೂಡಲೇ ನನಗೆ ಕ್ಯಾಲಿಫೋರ್ನಿಯಾದ 1913ರ ಕಾನೂನು ನೆನಪಾಗುತ್ತದೆ. 'ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು' ಕೃಷಿಭೂಮಿ ಕೊಳ್ಳಬಾರದು ಎಂದು ಅದರಲ್ಲಿತ್ತು. ಜಪಾನೀಯರ ಹೆಸರು ಎಲ್ಲೂ ಬರೆದಿರಲಿಲ್ಲ, ಗುರಿ ಅವರೇ. 1920ರಲ್ಲಿ ಗೇಣಿಗೆ ಹಿಡಿಯುವ ದಾರಿಯನ್ನೂ ಮುಚ್ಚಿದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿಗಳೂ ಅದೇ ಬಲೆಗೆ ಬಿದ್ದರು. ನಂಬಿಕೆಯ ಗೆಳೆಯರ ಹೆಸರಲ್ಲಿ, ಇಲ್ಲಿ ಹುಟ್ಟಿದ ಮಕ್ಕಳ ಹೆಸರಲ್ಲಿ ಕಾಗದ ಮಾಡಿಸಿ ಉತ್ತರು. ಅದೇ ಕಣಿವೆಯಲ್ಲಿ ಬೇಸಾಯ ಮಾಡಿದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದರು. ಅಂಥವರಿಗೂ 1946ರ ಕಾನೂನು ಬರುವವರೆಗೆ ಪೌರತ್ವದ ಬಾಗಿಲು ಮುಚ್ಚಿಯೇ ಇತ್ತು. ರಾಜ್ಯದ ಸುಪ್ರೀಂ ಕೋರ್ಟ್ ಆ ಭೂಕಾನೂನನ್ನು ಹೊಡೆದುಹಾಕಿದ್ದು 1952ರಲ್ಲಿ.

ನಾನು ಇಲ್ಲಿಂದ ಯೂಬಾ ಸಿಟಿ ಕಡೆ ಹೋದಾಗ ಪಂಜಾಬಿಗಳ ಪೀಚ್ ತೋಟಗಳ ಪಕ್ಕ ಗಾಡಿ ನಿಲ್ಲಿಸುತ್ತೇನೆ. ಸಾಲು ಹಿಡಿದು ಕತ್ತರಿಸಿದ ಗಿಡಗಳು, ಬುಡದಲ್ಲಿ ಒಂದು ಕಸ ಇಲ್ಲ. ಇಷ್ಟು ಚೆನ್ನಾಗಿ ನೆಲ ನೋಡಿಕೊಳ್ಳುವವರ ಹಿರಿಯರಿಗೆ ನೆಲ ಬೇಡ ಅಂದಿದ್ದರು. ಅದಕ್ಕೇ 'ಹೊರಗಿನವರು' ಎಂಬ ಪದ ಕಾನೂನಿನಲ್ಲಿ ಬಂದರೆ ಅದು ಯಾರನ್ನು ಹೊರಗಿಡುತ್ತದೆ ಎಂದು ನೋಡದೆ ನಾನು ಹೌದು ಅನ್ನಲಾರೆ.

ಬೆಟ್ಟದಂಚು (ಸಿದ್ದಾಪುರ, ಉತ್ತರ ಕನ್ನಡ):

ತಮ್ಮಾ, ನಿನ್ನ ಸಂಕದ ಕಥೆ ಓದಿ ಕಣ್ಣು ತುಂಬಿತು. ಆದರೂ ನನ್ನ ಮಾತು ಬೇರೆ ಇದೆ, ಬೇಸರ ಮಾಡಿಕೊಳ್ಳಬೇಡ.

ನಮ್ಮವರು ತೀರಿಹೋದ ಮೇಲೆ ಎರಡು ಎಕರೆ ತೋಟ ನಾನೇ ನಡೆಸುತ್ತಿದ್ದೇನೆ. ನನ್ನ ತೋಟದ ಮೇಲ್ಬದಿಯ ಒಂದು ಎಕರೆಯನ್ನು ಬೆಂಗಳೂರಿನವರೊಬ್ಬರು ಕೊಂಡರು. ವಿದೇಶಿಯಲ್ಲ, ಅಪ್ಪಟ ನಮ್ಮ ರಾಜ್ಯದವರು. 1974ರಲ್ಲಿ ಅರಸು ಅವರ ಕಾಲದ ತಿದ್ದುಪಡಿಯಲ್ಲಿ ಬಂದ, ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುವ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಇದ್ದಿದ್ದರೆ ಅವರಿಗೆ ಅದು ಸಿಗುತ್ತಿರಲಿಲ್ಲ. 2020ರಲ್ಲಿ ಅವನ್ನು ತೆಗೆದುಹಾಕಿದ ಮೇಲೆ ಉಳುಮೆ ಗೊತ್ತಿಲ್ಲದವರಿಗೂ ದಾರಿ ತೆರೆಯಿತು. ಮನುಷ್ಯ ಒಳ್ಳೆಯವರು, ಕೆಟ್ಟ ಮಾತು ಆಡಲಾರೆ. ಆದರೆ ಬಂದದ್ದು ಎರಡೇ ಸಲ.

ಕಳೆದ ಮಳೆಗಾಲ ನಾನು ಮೃಗಶಿರದಲ್ಲೇ ಮದ್ದು ಹೊಡೆಸಿದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನಾನೇ ನಿಂತು ಕದಡಿಸಿದ್ದು. ಮೇಲಿನ ತೋಟಕ್ಕೆ ಹೊಡೆಯಲಿಲ್ಲ. ಪುನರ್ವಸು ಮಳೆ ಹಿಡಿದು ಬಿಡದೆ ಹೊಯ್ದಾಗ ಅಲ್ಲಿ ಕೊಳೆರೋಗ ಶುರುವಾಯಿತು. ಹಸಿರು ಅಡಿಕೆ ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಪ್ಪಾಗಿ, ಮೇಲೆ ಬಿಳಿ ಬೂಷ್ಟು ಹಿಡಿದು, ರಾತ್ರಿಯೆಲ್ಲ ಟಪ್ ಟಪ್ ಎಂದು ಉದುರುವ ಶಬ್ದ ನನ್ನ ಜಗಲಿಗೆ ಕೇಳುತ್ತಿತ್ತು. ಬಿದ್ದದ್ದನ್ನು ಹೆಕ್ಕಿ ಸುಡುವವರಿಲ್ಲ. ವಾರದೊಳಗೆ ನನ್ನ ಮೇಲಿನ ಮೂರು ಸಾಲಿಗೂ ಬಂತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮರದಿಂದ ಇಳಿದು, 'ಅಮ್ಮಾ, ಮೇಲಿನವರದಕ್ಕೂ ಹೊಡೆಯದೆ ಇದು ನಿಲ್ಲುವುದಿಲ್ಲ' ಅಂದ. ನನ್ನ ಖರ್ಚಿನಲ್ಲೇ ಅವರ ಗಡಿಯ ಮರಗಳಿಗೂ ಹೊಡೆಸಿದೆ. ಫೋನ್ ಮಾಡಿದರೆ ಅವರು ಬಹಳ ನೊಂದುಕೊಂಡು ಆಗಲೇ ದುಡ್ಡು ಕಳಿಸಿದರು. ಆದರೆ ಆ ವಾರ ಎಷ್ಟು ದುಡ್ಡು ಕೊಟ್ಟರೂ ಇನ್ನೊಬ್ಬ ಕೊನೆಗೌಡ ಸಿಗಲಿಲ್ಲ. ಆ ಮೂರು ಸಾಲಿನಲ್ಲಿ ಕೊಯ್ಲಿಗೆ ಉಳಿದದ್ದು ನಾಲ್ಕಾಣೆ ಫಸಲು.

ನೀನು ಕೊಂಡರೆ ಜುಲೈಯಲ್ಲಿ ಯಾರು ನಿಲ್ಲುತ್ತಾರೆ? ಅಪ್ಪಯ್ಯ ಇರುವಷ್ಟು ದಿನ ಅಪ್ಪಯ್ಯ. ಆಮೇಲೆ? ಕೆಳಗೆ ಇನ್ನೊಬ್ಬಳು ನನ್ನಂಥವಳು ಇರುತ್ತಾಳಲ್ಲ, ಅವಳನ್ನು ನೆನೆಸಿಕೊಂಡು ಹೇಳು.

ಶಿರಸಿಕಡೆಯವ:

ಅಕ್ಕಾ, ನಿಮ್ಮ ಉತ್ತರ ಓದಿ ಎರಡು ದಿನ ಸುಮ್ಮನಿದ್ದೆ. ಉತ್ತರ ಕೊಡುವ ಮೊದಲು ಹೋದ ಬೇಸಿಗೆಯಲ್ಲಿ ಕಂಡದ್ದೊಂದನ್ನು ಹೇಳಬೇಕು.

ಪಕ್ಕದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಹೋಗಿದ್ದೆವು. ಸಮುದ್ರದ ಮೇಲಿನ ಸುಮಾರು 13 ಕಿಲೋಮೀಟರ್ ಸೇತುವೆ ದಾಟಿ ಇಳಿದರೆ ಮಣ್ಣು ಕೆಂಪು, ನಮ್ಮ ಬೇಣದ ಮಣ್ಣಿನ ಹಾಗೇ. ಮಗಳು ಚಪ್ಪಲಿಗೆ ಅಂಟಿದ್ದನ್ನು ತೋರಿಸಿ 'ಅಜ್ಜನ ಮನೆ' ಅಂದಳು. ಎಲ್ಲಿ ನೋಡಿದರೂ ಆಲೂಗಡ್ಡೆ ಹೊಲ. ರಸ್ತೆ ಬದಿ ಹೊಸ ಆಲೂಗಡ್ಡೆ ಮಾರುತ್ತಿದ್ದ ಮುದುಕ ರೈತನೊಬ್ಬನ ಹತ್ತಿರ ಇಲ್ಲಿ ಜಾಗ ಸಿಗುತ್ತದಾ ಎಂದು ಸುಮ್ಮನೆ ಕೇಳಿದೆ. 'ದ್ವೀಪದಲ್ಲಿ ಇರುತ್ತೀಯಾ?' ಅಂದ. ಇಲ್ಲ, ಹ್ಯಾಲಿಫ್ಯಾಕ್ಸ್ ಅಂದೆ. 'ಹಾಗಾದರೆ ಐದು ಎಕರೆ, ಅದಕ್ಕಿಂತ ಹೆಚ್ಚು ಬೇಕಾದರೆ ಸರಕಾರದ ಒಪ್ಪಿಗೆ ಬೇಕು.' ನನ್ನ ಪಾಸ್‌ಪೋರ್ಟ್ ಯಾವುದು ಎಂದು ಕೇಳಲೇ ಇಲ್ಲ.

ಮನೆಗೆ ಬಂದು ಓದಿದೆ. 1767ರಲ್ಲಿ ಲಂಡನ್ನಿನಲ್ಲಿ ಲಾಟರಿ ಎತ್ತಿ ಇಡೀ ದ್ವೀಪವನ್ನು 67 ಭಾಗ ಮಾಡಿ, ಒಂದೊಂದು ಸುಮಾರು 20,000 ಎಕರೆಯಂತೆ, ತಮಗೆ ಬೇಕಾದವರಿಗೆ ಹಂಚಿಬಿಟ್ಟರು. ಒಡೆಯರಲ್ಲಿ ಬಹಳ ಮಂದಿ ದ್ವೀಪಕ್ಕೆ ಕಾಲಿಡಲೇ ಇಲ್ಲ. ಕಾಡು ಕಡಿದು ಹೊಲ ಮಾಡಿದವರು ನೂರು ವರ್ಷ ಅವರಿಗೆ ಗೇಣಿ ಕಟ್ಟಿದರು. 1875ರಲ್ಲಿ ಕಾನೂನು ಮಾಡಿ, ಒಡೆಯರು ಮಾರಲೇಬೇಕು ಎಂದು ನೆಲ ಬಿಡಿಸಿಕೊಂಡರು. ಆ ನೋವು ಮರೆಯದೆ 1982ರಲ್ಲಿ ಈಗಿನ ಕಾನೂನು ತಂದರು. ದ್ವೀಪದಲ್ಲಿ ವಾಸವಿಲ್ಲದವನು, ಕೆನಡಾದವನೇ ಆಗಿರಲಿ, ಒಪ್ಪಿಗೆಯಿಲ್ಲದೆ ಐದು ಎಕರೆ ಮೀರುವಂತಿಲ್ಲ, ಸಮುದ್ರದ ಅಂಚು 165 ಅಡಿ ಮೀರುವಂತಿಲ್ಲ. ಅಲ್ಲೇ ನೆಲೆಸಿದವರಿಗೂ ಒಬ್ಬನಿಗೆ 1,000 ಎಕರೆ ಎಂಬ ಮಿತಿ ಇದೆ.

ಓದಿದಾಗ ಇದು ನ್ಯಾಯ ಅನ್ನಿಸಿತ್ತು. ಅದೇ ನ್ಯಾಯ ನನ್ನೂರಲ್ಲಿ ನನಗೆ ತಾಗಿದಾಗ ಅನ್ಯಾಯ ಎಂದು ಬಂದು ಇಲ್ಲಿ ಬರೆದೆ. ಹುಬ್ಬಳ್ಳಿಯವರು ಹೇಳಿದ್ದು ಸರಿ, ನನ್ನನ್ನು ತಡೆದದ್ದು ಹುಟ್ಟಲ್ಲ, ನಾನು ಅಲ್ಲಿಲ್ಲ ಎಂಬುದು. ಅದನ್ನು ಒಪ್ಪಿದೆ. ಸ್ಯಾಕ್ರಮೆಂಟೊದವರು ಹೇಳಿದ ಕಾನೂನು ಹಾಗಲ್ಲ. ಅದು ನೆಲದ ಮೇಲೆ ನಿಂತು ದುಡಿಯುವವನನ್ನೇ ಎಬ್ಬಿಸಿತು. ಆದರೆ ಒಂದು ಮಾತು ಹೇಳದೆ ಇರಲಾರೆ. ಹಾಗಾದರೆ ನಮ್ಮ ರಾಜ್ಯದ ಕಾನೂನೂ ಬೆಂಗಳೂರಿನವರನ್ನು ಅದೇ ಪ್ರಶ್ನೆ ಕೇಳಬೇಕಿತ್ತು. ಮಳೆಗಾಲದಲ್ಲಿ ಇರುತ್ತೀಯಾ ಎಂದು. ನನಗೆ ಬಾಗಿಲು ಮುಚ್ಚಿ, ಇರದೇ ಇರುವ ಇನ್ನೊಬ್ಬರಿಗೆ ತೆಗೆದರೆ ನಿಮ್ಮ ಮೂರು ಸಾಲಿನ ಅಡಿಕೆ ಉಳಿಯುವುದಿಲ್ಲ.

ಚಿಕ್ಕಪ್ಪನ ಮಗನಿಗೆ ನಿನ್ನೆ ರಾತ್ರಿ ಹೇಳಿದೆ. ನನಗಾಗಿ ಬೇಡ, ನಿನಗೆ ಬೇಕಾದರೆ ನೀನೇ ಸೊಸೈಟಿ ಸಾಲ ಮಾಡಿ ಕೊಂಡುಕೋ ಎಂದು. ಅವನಿಗೆ ಇರುವುದು ಬರೀ 20 ಗುಂಟೆ. ಅವನ ದನಿ ಸ್ವಲ್ಪ ಹೊತ್ತು ಬರಲಿಲ್ಲ, ಆಮೇಲೆ 'ನಿಜವಾಗಿಯೂ?' ಅಂದ. ಸೋಮವಾರ ಸೊಸೈಟಿಗೆ ಹೋಗಿ ವಿಚಾರಿಸುತ್ತಾನಂತೆ.

ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಅವನು ಅದಕ್ಕೆ ಏನೂ ಅನ್ನಲಿಲ್ಲ. ಆ 22 ಗುಂಟೆಗೂ ಸೇರಿಸಿಯೇ ಮೈಲುತುತ್ತ ತರಿಸಿಟ್ಟಿದ್ದಾನಂತೆ, ಕ್ರಯ ಯಾರ ಹೆಸರಿಗೆ ಬೇಕಾದರೂ ಆಗಲಿ, ಮೃಗಶಿರಾ ಹಿಡಿಯುವುದರೊಳಗೆ ಮೊದಲ ಮದ್ದು ಆಗಬೇಕು ಅಂದ.