‘ಬೇಸರ’ ಮತ್ತು ‘ಬೇಜಾರು’: ಮಾತಿನಲ್ಲಿ ಎರಡೂ ಒಂದೇ ಆಗಿವೆಯೇ?

ಈಚೆಗೆ ನಮ್ಮ ತಾಯಿಯವರನ್ನು ವೈದ್ಯರಲ್ಲಿಗೆ ಕರೆದೊಯ್ದಾಗ ತುಂಬಬೇಕಿದ್ದ ಹಾಳೆಯಲ್ಲಿ ‘ಕಳೆದ ಎರಡು ವಾರಗಳಲ್ಲಿ ನಿಮಗೆ ಆಗಾಗ ಬೇಸರವಾಗುತ್ತಿತ್ತೇ?’ ಎಂಬ ಪ್ರಶ್ನೆಯಿತ್ತು. ನಾನು ಅದನ್ನು ಓದಿ ಹೇಳಿದಾಗ ಅವರು, ‘ಬೇಜಾರ್ಯಾಕಪ್ಪ, ಮಗು ಇರುತ್ತಲ್ಲ, ಹೊತ್ತು ಹೋಗಿದ್ದೇ ಗೊತ್ತಾಗಲ್ಲ’ ಎಂದರು. ನಮ್ಮ ತಂದೆ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ‘ಮನಸ್ಸಿಗೆ ಸಂಕಟ ಆಗುತ್ತಾ ಅಮ್ಮ?’ ಎಂದು ಬೇರೆ ಮಾತಿನಲ್ಲಿ ಕೇಳಿದ ಮೇಲೆ, ‘ಸಂಜೆ ದೀಪ ಹಚ್ಚೋ ಹೊತ್ತಿಗೆ ಆಗುತ್ತೆ’ ಎಂದರು.

ಪ್ರಶ್ನೆಯ ‘ಬೇಸರ’ವನ್ನು ಅವರು ತಮಗರಿವಿಲ್ಲದೆ ‘ಬೇಜಾರು’ ಮಾಡಿಕೊಂಡಿದ್ದರು; ಹುಟ್ಟಿನಿಂದ ಇವೆರಡೂ ಬೇರೆ ಬೇರೆ. ‘ಬೇಜಾರು’ ಪಾರಸಿ ಮೂಲದ್ದು. ಹಿಂದಿ, ಮರಾಠಿಗಳಲ್ಲಿಯೂ ಇರುವ ‘ಬೇಜಾರ್’ ರೋಸಿಹೋದ, ದಣಿದ ಸ್ಥಿತಿಯನ್ನು ಹೇಳುತ್ತದೆ. ‘ಬೇಸರ’ವಾದರೋ ಅಚ್ಚಗನ್ನಡದ್ದು. ಹೊರು–ಹೊತ್ತು, ತೆರು–ತೆತ್ತು ಎಂಬಂತೆ, ಶಕಟರೇಫವಿದ್ದ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರವಿದ್ದ) ಹಳೆಯ ‘ಬೇಸಱು’ ಧಾತುವಿನಿಂದ ‘ಬೇಸತ್ತು’ ಬಂದಿದೆ. ತೆಲುಗಿನ ‘ವೇಸಾರು’ ಇದರ ನಂಟ. ದಣಿವು, ಸಾಕಾಗಿಹೋಗುವಿಕೆಗಳೇ ಮೂಲಾರ್ಥವಾಗಿದ್ದು, ‘ಬೇಸತ್ತು’ ಇಂದಿಗೂ ಅದನ್ನೇ ಹಿಡಿದುಕೊಂಡಿದೆ: ‘ಅಲೆದಲೆದು ಬೇಸತ್ತೆ’ ಎಂದರೆ ಅಲ್ಲಿ ದುಃಖವಿಲ್ಲ.

ಆಡುಮಾತಿನಲ್ಲಿ ಅರ್ಥವನ್ನು ನಿಶ್ಚಯಿಸುವುದು ಅಕ್ಕಪಕ್ಕದ ಪದಗಳು. ‘ಸುದ್ದಿ ಕೇಳಿ ಬೇಜಾರಾಯಿತು’ ಎಂದರೆ ದುಃಖ. ‘ಮನೆಯಲ್ಲಿ ಒಬ್ಬನೇ ಕೂತು ಬೇಜಾರು’ ಎಂದರೆ ಹೊತ್ತು ಹೋಗದಿರುವುದು. ‘ಅವರಿಗೆ ನನ್ನ ಮೇಲೆ ಬೇಜಾರು’ ಎಂದರೆ ಮುನಿಸು. ‘ಬೇಜಾರು ಮಾಡಿಕೊಳ್ಳಬೇಡಿ’ ಎಂಬ ಮಾತಂತೂ ಸಾವಿನ ಮನೆಯಲ್ಲಿ ಸಮಾಧಾನವಾಗುತ್ತದೆ, ಸಾಲ ಕೇಳಿದವರಿಗೆ ಇಲ್ಲವೆನ್ನುವಾಗ ಕ್ಷಮಾಪಣೆಯಾಗುತ್ತದೆ. ‘ದುಃಖ’ ಎಂಬ ಪದವನ್ನು ನಮ್ಮ ಮೈಸೂರಿನ ಕಡೆ ಸಾವು, ಅಗಲಿಕೆಗಳಂಥ ದೊಡ್ಡ ಸಂದರ್ಭಗಳಿಗೆ ಮೀಸಲಿಟ್ಟು, ದಿನನಿತ್ಯದ ನೋವನ್ನೆಲ್ಲ ‘ಬೇಜಾರಿ’ಗೇ ಒಪ್ಪಿಸಿಬಿಟ್ಟಿದ್ದೇವೆ ಎಂದು ನನಗೆ ತೋರುತ್ತದೆ. ಇದನ್ನು ಪದದ ದೋಷವೆಂದು ನಾನು ಎಣಿಸುವುದಿಲ್ಲ, ಆದರೆ ಆಸ್ಪತ್ರೆಯ ಹಾಳೆಗೆ ಇಷ್ಟು ಹೊರೆ ಹೊತ್ತ ಪದ ಸಲ್ಲದು.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು: ಧಾರವಾಡ, ಕಲಬುರಗಿಗಳ ಕಡೆಯ ಮಾತಿನಲ್ಲಿ ‘ಬ್ಯಾಸರ’ ದುಃಖಕ್ಕೂ ಸಲ್ಲುತ್ತದೆಯೇ, ಅಥವಾ ದಣಿವಿನಲ್ಲಿಯೇ ನಿಂತಿದೆಯೇ? ಕರಾವಳಿಯವರು ‘ಬೇಜಾರು’ ಎಂದಾಗ ಮೊದಲು ಮನಸ್ಸಿಗೆ ಬರುವ ಅರ್ಥ ಯಾವುದು? ಮತ್ತು ಎಂಬತ್ತರ ಹತ್ತಿರದ ಹಿರಿಯರೊಬ್ಬರಿಗೆ ಆ ಪ್ರಶ್ನೆಯನ್ನು ಕೇಳಬೇಕಾದರೆ, ನಿಮ್ಮ ಮನೆಯಲ್ಲಿ ಯಾವ ಪದ ಬಳಸುತ್ತೀರಿ?