ಹೊಸದೇನೂ ತಂದಿಲ್ಲ, ಆದರೂ 241 ಯೂನಿಟ್ ಹೇಗೆ ಬಂತು?

ಪ್ರಶ್ನೆ: ಹಾಸನದಲ್ಲಿ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೇವೆ. ಕೆಳಗೆ ಓನರ್ ಇದ್ದಾರೆ, ಎರಡು ಮನೆಗೂ ಬೇರೆ ಬೇರೆ ಮೀಟರ್. ನಮಗೆ ಗೃಹಜ್ಯೋತಿಯಲ್ಲಿ 165 ಯೂನಿಟ್ ಸಿಕ್ಕಿದೆ, ಯಾವತ್ತೂ ಅದರೊಳಗೇ ಇರುತ್ತಿದ್ದೆವು. ಕಳೆದ ತಿಂಗಳು 190 ಆಯಿತು. ಬೇಸಿಗೆ ಅಂದುಕೊಂಡು ಸುಮ್ಮನಿದ್ದೆವು. ಈ ತಿಂಗಳು 241! ಬಿಲ್ 1,900 ರೂಪಾಯಿ ಹತ್ತಿರ ಬಂದಿದೆ. ಎಸಿ ಇಲ್ಲ, ಹೊಸ ಸಾಮಾನು ಏನೂ ತಂದಿಲ್ಲ. ಓನರ್ ನಮ್ಮ ಲೈನಿನಿಂದ ಕರೆಂಟ್ ಎಳೆಯುತ್ತಿದ್ದಾರೆ ಅನ್ನೋದು ನಮ್ಮವರ ಅನುಮಾನ. ಏನು ಮಾಡೋದು?

ಉತ್ತರ: ಮೊದಲು ದುಡ್ಡಿನ ವಿಷಯ. 165 ದಾಟಿದರೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ಕಟ್ಟಬೇಕು. 200 ದಾಟಿತು ಅಂದ್ರೆ ಪೂರ್ತಿ ಬಿಲ್ ನಿಮ್ಮದೇ. ಅದಕ್ಕೇ ಏಟು ಇಷ್ಟು ಜೋರಾಗಿ ಬಿದ್ದಿದೆ. ಅಂದರೆ ನಾವು ಹುಡುಕಬೇಕಾಗಿರೋದು ಸುಮಾರು 76 ಯೂನಿಟ್.

ಓನರ್ ಮೇಲೆ ಈಗಲೇ ಬೇಜಾರು ಮಾಡಿಕೊಳ್ಳಬೇಡಿ. ಮೂರು ವಿಷಯ ಹೇಳಿ. ಎರಡು ರೀಡಿಂಗ್ ನಡುವೆ ಎಷ್ಟು ದಿನ ಆಗಿದೆ? ಇತ್ತೀಚೆಗೆ ಮೀಟರ್ ಬದಲಾಯಿತಾ? ಮೀಟರ್ ಮೇಲೆ ಮಿಣುಕುವ ದೀಪ ಬಿಟ್ಟು ಇನ್ನೊಂದು ದೀಪ ಸುಮ್ನೆ ಉರಿಯುತ್ತಾ ಇದೆಯಾ?

ಪ್ರಶ್ನೆ ಕೇಳಿದವರು: 30 ದಿನ ಆಗಿದೆ. ಚಕ್ರ ತಿರುಗುವ ಹಳೇ ಮೀಟರ್ ತೆಗೆದು ಡಿಜಿಟಲ್ ಹಾಕಿ ಎರಡು ತಿಂಗಳಾಯಿತು. ಹೌದು, ‘ಅರ್ತ್’ ಅಂತ ಬರೆದಿರುವ ಕಡೆ ಒಂದು ಕೆಂಪು ದೀಪ ಇದೆ. ಓನರ್ ಮೀಟರಿನಲ್ಲೂ ಉರಿಯುತ್ತಿದೆ. ಹಾಗಾದರೆ ಹೊಸ ಮೀಟರ್ ಕೆಟ್ಟಿದೆಯಾ?

ಉತ್ತರ: ಇಲ್ಲ, ಮೀಟರ್ ಏನೋ ಹೇಳುತ್ತಿದೆ. ಫೇಸ್‌ನಲ್ಲಿ ಎಷ್ಟು ಕರೆಂಟ್ ಹೋಯಿತೋ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಹಳೇ ಚಕ್ರದ ಮೀಟರ್ ಫೇಸ್ ಮಾತ್ರ ನೋಡುತ್ತಿತ್ತು. ಈಗಿನ ಸಿಂಗಲ್ ಫೇಸ್ ಮೀಟರ್ ಎರಡನ್ನೂ ನೋಡುತ್ತದೆ. ಎರಡೂ ಸಮ ಇಲ್ಲದಿದ್ದರೆ ಆ ದೀಪ ಹೊತ್ತಿಸುತ್ತದೆ, ಯಾವುದು ಜಾಸ್ತಿಯೋ ಅದನ್ನೇ ಲೆಕ್ಕ ಹಿಡಿಯುತ್ತದೆ. ಕಳ್ಳತನ ತಡೆಯಲು ಮಾಡಿದ ವ್ಯವಸ್ಥೆ ಇದು. ಆದರೆ ವೈರಿಂಗ್ ತಪ್ಪಿದ್ದರೂ ಹೀಗೇ ಆಗುತ್ತದೆ.

ಒಂದು ಪರೀಕ್ಷೆ ಮಾಡಿ. ನಿಮ್ಮ ಮನೆಯ ಎಂಸಿಬಿ (ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಎಲ್ಲಾ ಆಫ್ ಮಾಡಿ. ಮೀಟರ್ ಮುಂದೆ ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು, ದೀಪ ಎಷ್ಟು ಸಲ ಮಿಣುಕಿತು ಎಣಿಸಿ. ಮೀಟರ್ ಮೇಲೆ 3200 ಅಥವಾ 1600 ಅಂತ ಇರುತ್ತದೆ, ಅಷ್ಟು ಮಿಣುಕಿದರೆ ಒಂದು ಯೂನಿಟ್. ಮೀಟರ್ ಬಾಕ್ಸಿಗೆ, ವೈರಿಗೆ ಕೈ ಹಾಕಬೇಡಿ, ಕಣ್ಣಲ್ಲಿ ನೋಡಿದರೆ ಸಾಕು.

ಪ್ರಶ್ನೆ ಕೇಳಿದವರು: 3200 ಅಂತಿದೆ. ಎಲ್ಲಾ ಆಫ್ ಇದ್ದರೂ ನಿಮಿಷಕ್ಕೆ 8 ಸಲ ಮಿಣುಕಿತು! ಓನರ್ ಆಂಟಿಯೂ ಜೊತೆಗಿದ್ದರು. ಅವರ ಮನೆಯಲ್ಲಿ ಒಂದೊಂದೇ ಆಫ್ ಮಾಡುತ್ತಾ ಹೋದೆವು. ಮೆಟ್ಟಿಲ ಕೆಳಗಿನ ಫ್ರಿಜ್ ಆಫ್ ಮಾಡಿದ ಕೂಡಲೇ ನಮ್ಮ ಮೀಟರ್ ನಿಂತಿತು. ಎರಡೂ ಕೆಂಪು ದೀಪ ಆರಿದವು. ಇನ್ನೊಂದು ಮಾತು, ಅವರು ಫ್ರಿಜ್ ಅಲ್ಲಿಗೆ ಇಟ್ಟಾಗಿನಿಂದ ನಮ್ಮ ಮನೆಯ ಆರ್‌ಸಿಸಿಬಿ (ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಸಮ ಇಲ್ಲದಿದ್ದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಟ್ರಿಪ್ ಆಗುತ್ತಿತ್ತು. ಯಾರೋ ಒಬ್ಬರು ಬಂದು ಅದನ್ನೇ ತೆಗೆದುಹಾಕಿದರು.

ಉತ್ತರ: ಸಿಕ್ಕಿತು. ಆರ್‌ಸಿಸಿಬಿ ಇದನ್ನೇ ಹೇಳುತ್ತಿತ್ತು, ಕಾರಣ ಹುಡುಕುವ ಬದಲು ಅದರ ಬಾಯಿ ಮುಚ್ಚಿಸಿದ್ದಾರೆ. ನನಗೆ ತುಂಬಾ ಬೇಸರ ಆಗುವುದು ಇದಕ್ಕೇ. ಅದು ಪ್ರಾಣ ಉಳಿಸುವ ಸಾಮಾನು.

ಆಗಿರೋದು ಇಷ್ಟು. ಫ್ರಿಜ್ಜಿಗೆ ಫೇಸ್ ಅವರ ಮನೆಯಿಂದ ಬಂದಿದೆ. ನ್ಯೂಟ್ರಲ್ ಮಾತ್ರ ಮೆಟ್ಟಿಲ ದೀಪದ ಬಾಕ್ಸಿನಿಂದ ತೆಗೆದಿರಬೇಕು, ಅದು ನಿಮ್ಮ ಮನೆಯದು. ಹಾಗಾಗಿ ಫ್ರಿಜ್ಜಿನಿಂದ ವಾಪಸ್ ಬರುವ ಕರೆಂಟ್ ನಿಮ್ಮ ಮೀಟರ್ ಮೂಲಕ ಹೋಗಿ ನಿಮ್ಮ ಲೆಕ್ಕಕ್ಕೂ ಸೇರಿದೆ. ಟೂ-ವೇ ಸ್ವಿಚ್ (ಒಂದೇ ದೀಪಕ್ಕೆ ಮೇಲೊಂದು, ಕೆಳಗೊಂದು ಸ್ವಿಚ್) ಇರುವ ಮೆಟ್ಟಿಲಲ್ಲಿ ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ನಿಮಿಷಕ್ಕೆ 8 ಅಂದರೆ 150 ವ್ಯಾಟ್. ಬಿಡುವಿಲ್ಲದೆ ಓಡಿದರೆ 30 ದಿನಕ್ಕೆ 108 ಯೂನಿಟ್. ಫ್ರಿಜ್ ಆಗಾಗ ನಿಲ್ಲುತ್ತದೆ, ಹಾಗಾಗಿ ನಿಮ್ಮ 76ಕ್ಕೆ ಲೆಕ್ಕ ಕೂಡುತ್ತದೆ.

ಮನೆಯಲ್ಲಿ ಇದನ್ನು ಖಂಡಿತ ಹೇಳಿ: ಓನರ್ ನಿಮ್ಮಿಂದ ಏನೂ ಕದ್ದಿಲ್ಲ. ಆ ಕರೆಂಟ್ ಅವರ ಮೀಟರಿನ ಫೇಸ್ ದಾಟಿಯೇ ಹೋಗಿದೆ, ಅವರೂ ಕಟ್ಟಿದ್ದಾರೆ. ಒಂದೇ ಫ್ರಿಜ್ಜಿಗೆ ಎರಡು ಮನೆಯವರೂ ಬಿಲ್ ಕಟ್ಟಿದ್ದೀರಿ.

ಲೈಸೆನ್ಸ್ ಇರುವವರನ್ನು ಕರೆಸಿ. ಕೆಲಸ ಮಾಡುವಾಗ ಎರಡೂ ಮನೆಯ ಮೇನ್ ಆಫ್ ಇರಲೇಬೇಕು, ಒಂದನ್ನೇ ಆಫ್ ಮಾಡಿದರೆ ಆ ನ್ಯೂಟ್ರಲ್ ವೈರ್ ಶಾಕ್ ಹೊಡೆಯುತ್ತದೆ. ಫ್ರಿಜ್ಜಿನ ನ್ಯೂಟ್ರಲ್ ಅವರ ಬೋರ್ಡಿಗೇ ಹೋಗಲಿ. ಆಮೇಲೆ ಟಾಂಗ್ ಟೆಸ್ಟರ್‌ನಲ್ಲಿ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದು ಸೊನ್ನೆ ತೋರಿಸುತ್ತಾ ಅಂತ ನಿಮ್ಮೆದುರೇ ನೋಡಿಸಿ. 30 ಮಿಲಿ ಆಂಪ್ ಆರ್‌ಸಿಸಿಬಿ ವಾಪಸ್ ಹಾಕಿಸಿ.

ಇನ್ನೊಬ್ಬರು: ನಮ್ಮದು ಒಂದೇ ಮನೆ. ಗೀಸರ್ ಹಾಕಿದಾಗ ಮಾತ್ರ ಆ ಕೆಂಪು ದೀಪ ಬರುತ್ತೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ನಿಮ್ಮಲ್ಲಿ ಕರೆಂಟ್ ನೆಲಕ್ಕೆ ಸೋರುತ್ತಿರಬಹುದು, ಹೆಚ್ಚಾಗಿ ಕಾಯಿಲ್ ಒಡೆದಿರುತ್ತದೆ. ಬಿಲ್ ಆಮೇಲೆ ನೋಡೋಣ. ಇವತ್ತಿನಿಂದಲೇ ಆ ಗೀಸರ್ ಎಂಸಿಬಿ ಆಫ್ ಮಾಡಿಡಿ, ರಿಪೇರಿ ಆಗುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಪ್ರಶ್ನೆ ಕೇಳಿದವರು: ಶುಕ್ರವಾರ ಕೆಲಸ ಮುಗಿಯಿತು. ನೀವು ಹೇಳಿದ ಹಾಗೆ ಮೆಟ್ಟಿಲ ಬಾಕ್ಸಿನಲ್ಲೇ ಜಾಯಿಂಟ್ ಇತ್ತು. ಈಗ ಎಂಸಿಬಿ ಆಫ್ ಮಾಡಿದರೆ ಮೀಟರ್ ಮಿಣುಕೋದೇ ಇಲ್ಲ. ಕೂಲಿ ಆಂಟಿಯೇ ಕೊಟ್ಟರು, ಅವರ ಮನೆಗೂ ಒಂದು ಆರ್‌ಸಿಸಿಬಿ ಹಾಕಿಸಿಕೊಂಡರು.